ಕೊರೋನಾ ಕಾಲದಲ್ಲಿ ಮೂಳೆ ಮುರಿದಾಗ

2020ರ ರಮಝಾನ್. ಲಾಕ್‌ಡೌನ್ ಆರಂಭವಾಗಿ ತಿಂಗಳು ದಾಟಿತ್ತು. ಸಹರಿಗೆಂದು ಎದ್ದ ನನ್ನ ಉಮ್ಮ ಬಚ್ಚಲುಮನೆಯಲ್ಲಿ ಕಾಲು ಜಾರಿ ಬಿದ್ದರು. ಬೀಳುವಾಗ ಬಲಗೈ ನೆಲಕ್ಕೆ ಊರಿದ್ದರಿಂದ ಮಣಿಕಟ್ಟು ನೋಡನೋಡುತ್ತಿದ್ದಂತೆ ಊದಿಕೊಂಡು ಡೊಂಕಾಯಿತು. ಬೆಳಗಾದ ಮೇಲೆ ಹೋದ ಮೊದಲ ಕ್ಲಿನಿಕ್‌ನವರು ಜ್ವರ ಇದೆಯೇ, ಕೆಮ್ಮು ಇದೆಯೇ ಎಂದು ಬಾಗಿಲಲ್ಲೇ ವಿಚಾರಿಸಿ, ಎಲುಬಿನ ಡಾಕ್ಟರು ಬರುತ್ತಿಲ್ಲವೆಂದು ಹೇಳಿ ವಾಪಸು ಕಳುಹಿಸಿದರು. ಎರಡನೆಯ ಕಡೆಯಲ್ಲಿ ಎಕ್ಸ್‌ರೇ ಆಯಿತು. ಅಲ್ಲಿನ ಡಾಕ್ಟರು ಹೇಳಿದ ಮಾತು ನನಗೆ ಇಂದಿಗೂ ನೆನಪಿದೆ: "ಬೇರೆ ಸಮಯವಾಗಿದ್ದರೆ ಪ್ಲೇಟ್ ಹಾಕಿ ಸರಿಪಡಿಸುತ್ತಿದ್ದೆ. ಈಗ ಎಳೆದು ಕೂರಿಸಿ ಪ್ಲಾಸ್ಟರ್ ಹಾಕುತ್ತೇನೆ."

ನನ್ನ ತಮ್ಮನಿಗೆ ಇದು ಸರಿಯೆನಿಸಲಿಲ್ಲ. ಬಡವರೆಂದು ಅಥವಾ ವಯಸ್ಸಾದವರೆಂದು ಕಡೆಗಣಿಸುತ್ತಿದ್ದಾರೆಯೇ ಎಂದು ಮನೆಗೆ ಬಂದು ಸಿಟ್ಟಾದ. ನನಗೂ ಒಳಗೊಳಗೇ ಅದೇ ಸಂಶಯ. ನಾನು ಮಕ್ಕಳಿಗೆ ಪಾಠ ಹೇಳುವವಳು, ವೈದ್ಯೆಯಲ್ಲ. ಆದರೂ ಸಂಶಯ ಬಿಡದೆ ಈ ವಿಷಯವನ್ನು ಓದುತ್ತಾ ಹೋದೆ.

ಆ ಡಾಕ್ಟರ ತೀರ್ಮಾನ ಅವರೊಬ್ಬರದೇ ಆಗಿರಲಿಲ್ಲ. ಬ್ರಿಟನಿನ ಮೂಳೆ ತಜ್ಞರ ಸಂಘ 2020ರ ಏಪ್ರಿಲ್‌ನಲ್ಲಿ ತನ್ನ ವೈದ್ಯರಿಗೆ ಇಂಥದೇ ಸೂಚನೆ ಕೊಟ್ಟಿತ್ತು. ಮಣಿಕಟ್ಟು, ತೋಳು, ಕಾಲರ್ ಬೋನ್‌ಗಳ ಮುರಿತ ಹೆಚ್ಚಾಗಿ ತಾನಾಗಿಯೇ ಕೂಡಿಕೊಳ್ಳುತ್ತದೆ. ಆದುದರಿಂದ ಸಾಧ್ಯವಾದಷ್ಟೂ ಶಸ್ತ್ರಚಿಕಿತ್ಸೆಯಿಲ್ಲದೆ ನೋಡಿಕೊಳ್ಳಿ, ಕೆಲವರಿಗೆ ಮುಂದೆ ಸರಿಪಡಿಸುವ ಆಪರೇಷನ್ ಬೇಕಾದೀತು ಎಂಬುದನ್ನು ಒಪ್ಪಿಕೊಂಡೇ ಹಾಗೆ ಮಾಡಿ ಎಂಬುದು ಅದರ ಸಾರಾಂಶ. ಮನೆಯಲ್ಲೇ ಬಿಚ್ಚಬಹುದಾದ ಸ್ಪ್ಲಿಂಟ್ ಕೊಡಿ, ತಾನಾಗಿ ಕರಗುವ ಹೊಲಿಗೆ ಹಾಕಿ, ಮತ್ತೆ ಮತ್ತೆ ಆಸ್ಪತ್ರೆಗೆ ಕರೆಸಬೇಡಿ ಎಂದೂ ಇತ್ತು.

ಇದಕ್ಕೆ ಕಾರಣವೂ ಇತ್ತು. ಲ್ಯಾನ್ಸೆಟ್ ಪತ್ರಿಕೆಯಲ್ಲಿ 2020ರ ಮೇ ತಿಂಗಳಲ್ಲಿ ಪ್ರಕಟವಾದ ಅಧ್ಯಯನವೊಂದು 24 ದೇಶಗಳ 235 ಆಸ್ಪತ್ರೆಗಳ 1,128 ರೋಗಿಗಳ ಲೆಕ್ಕ ಕೊಟ್ಟಿತು. ಎಲ್ಲರೂ ಯಾವುದಾದರೊಂದು ಶಸ್ತ್ರಚಿಕಿತ್ಸೆಗೊಳಗಾದವರು, ಅದರ ಆಸುಪಾಸಿನ ದಿನಗಳಲ್ಲಿ ಕೊರೋನಾ ತಗಲಿದ್ದು ಖಚಿತವಾದವರು. ಅವರಲ್ಲಿ ಶೇ. 23.8 ಮಂದಿ 30 ದಿನಗಳೊಳಗೆ ತೀರಿಕೊಂಡಿದ್ದರು. ಅರ್ಧಕ್ಕಿಂತ ಹೆಚ್ಚು ಮಂದಿಗೆ ಶ್ವಾಸಕೋಶದ ತೊಂದರೆ ಕಾಣಿಸಿಕೊಂಡಿತ್ತು. ಮೂಳೆ ಕೊರೆಯುವ ಡ್ರಿಲ್, ಗರಗಸಗಳಿಂದ ಹಾರುವ ಸೂಕ್ಷ್ಮ ಹನಿಗಳ ಭಯ ಆಪರೇಷನ್ ಕೋಣೆಯ ಸಿಬ್ಬಂದಿಗೂ ಇತ್ತು. ಸಾಧ್ಯವಿದ್ದಲ್ಲಿ ಪೂರ್ತಿ ಪ್ರಜ್ಞೆ ತಪ್ಪಿಸುವ ಬದಲು ತೋಳಿಗೆ ಅಥವಾ ಬೆನ್ನಿಗೆ ಮಾತ್ರ ಅರಿವಳಿಕೆ ಕೊಡುತ್ತಿದ್ದುದೂ ಸೋಂಕಿನ ಭಯದಿಂದಲೇ. ಡೊಂಕು ಕೈಯೋ, ಜೀವವೋ ಎಂದು ತೂಗಿ ನೋಡಿದರೆ ಡಾಕ್ಟರ ಮಾತು ನನಗೆ ಅರ್ಥವಾಯಿತು. ತಮ್ಮನಿಗೆ ಅರ್ಥವಾಗಲು ಇನ್ನಷ್ಟು ದಿನ ಬೇಕಾಯಿತು.

ಫೋನಿನಲ್ಲೇ ರೋಗಿಯನ್ನು ವಿಚಾರಿಸುವುದು ನಮಗೆ ಹೊಸತಾಗಿತ್ತು. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಆಸ್ಪತ್ರೆಯೊಂದರಲ್ಲಿ 2011ರಲ್ಲೇ ಎಕ್ಸ್‌ರೇ ನೋಡಿ, ಫೋನಿನಲ್ಲಿ ಸಲಹೆ ಕೊಟ್ಟು, ಸಣ್ಣಪುಟ್ಟ ಮುರಿತದವರನ್ನು ಆಸ್ಪತ್ರೆಗೆ ಅಲೆಸದಿರುವ ಪದ್ಧತಿ ಆರಂಭವಾಗಿತ್ತು. ನಮ್ಮ ದೇಶದಲ್ಲಿ ಟೆಲಿಮೆಡಿಸಿನ್ ನಿಯಮಗಳು ಬಂದದ್ದು 2020ರ ಮಾರ್ಚ್ 25ರಂದು, ಲಾಕ್‌ಡೌನಿನ ಮೊದಲ ದಿನವೇ. ನಮ್ಮ ಡಾಕ್ಟರೂ ವಾಟ್ಸಾಪ್‌ನಲ್ಲಿ ಉಮ್ಮನ ಬೆರಳುಗಳನ್ನು ಆಡಿಸಲು ಹೇಳಿ ನೋಡುತ್ತಿದ್ದರು. ಆದರೆ ವಾರದ ನಂತರ ಎಕ್ಸ್‌ರೇಗೆ ಬರಲೇಬೇಕೆಂದು ಹಠ ಹಿಡಿದರು. ಕೂರಿಸಿದ ಮೂಳೆ ಪ್ಲಾಸ್ಟರಿನೊಳಗೇ ಜಾರುವುದುಂಟು, ಅದು ಫೋನಿನಲ್ಲಿ ಕಾಣಿಸದು.

ಆಸ್ಪತ್ರೆಗಳು ಕೈಬಿಟ್ಟ ಈ ಕೆಲಸವೆಲ್ಲ ಬಂದು ಬಿದ್ದದ್ದು ಯಾರ ಹೆಗಲಿಗೆ? ಮನೆಯ ಹೆಂಗಸರ ಹೆಗಲಿಗೆ. ಕೈಯನ್ನು ದಿಂಬಿನ ಮೇಲೆ ಎದೆಯ ಮಟ್ಟಕ್ಕಿಂತ ಮೇಲೆ ಎತ್ತಿಡಬೇಕು, ಪ್ಲಾಸ್ಟರ್ ಒದ್ದೆಯಾಗಬಾರದು, ತುರಿಕೆಯೆಂದು ಕಡ್ಡಿ ತೂರಿಸಬಾರದು, ಗಂಟೆಗೊಮ್ಮೆ ಬೆರಳು ಮಡಚಿ ಬಿಡಿಸಬೇಕು. ಬೆರಳು ನೀಲಿಯಾದರೆ, ತಣ್ಣಗಾದರೆ, ಜೋಮು ಹಿಡಿದರೆ, ನೋವು ತಾಸಿನಿಂದ ತಾಸಿಗೆ ಏರುತ್ತಿದ್ದರೆ ನಡುರಾತ್ರಿಯಾದರೂ ಆಸ್ಪತ್ರೆಗೆ ಓಡಬೇಕು. ಬಿಗಿಯಾದ ಕಟ್ಟಿನಿಂದ ಕೈಯನ್ನೇ ಕಳೆದುಕೊಳ್ಳುವ ಅಪಾಯವಿದೆ. ಆಸ್ಪತ್ರೆಯ ಭಯದಿಂದ ನಾಟಿ ಕಟ್ಟು ಹಾಕಿಸಿಕೊಂಡವರು ನಮ್ಮ ಪರಿಚಯದಲ್ಲೂ ಇದ್ದರು. ಅವರಿಗೂ ನಾನು ಹೇಳಿದ್ದು ಇದನ್ನೇ, ಮೊದಲು ಬೆರಳು ನೋಡಿ ಎಂದು. ವುಳೂವಿನ ಬಗ್ಗೆ ಉಮ್ಮ ಬಹಳ ಚಿಂತೆ ಮಾಡಿದರು. ಪ್ಲಾಸ್ಟರಿನ ಮೇಲೆ ಒದ್ದೆ ಕೈ ಸವರುವ ರಿಯಾಯಿತಿ ಶರೀಅತ್‌ನಲ್ಲಿದೆ. ಜೊತೆಗೆ ತಯಮ್ಮುಮ್ ಬೇಕೇ ಎಂಬುದನ್ನು ನಿಮ್ಮ ಮದ್ಹಬಿನ ಉಸ್ತಾದರಲ್ಲಿ ಕೇಳಿಕೊಳ್ಳಿ.

ಇಷ್ಟು ಹೇಳಿ, ಇದಕ್ಕೆ ತೀರಾ ವಿರುದ್ಧವಾದ ಮಾತೊಂದನ್ನೂ ಹೇಳಬೇಕು. ಕಾಯಬಲ್ಲ ಮೂಳೆಗಳಿರುವಂತೆ ಕಾಯಲಾಗದ ಮೂಳೆಯೂ ಇದೆ, ಅದು ಸೊಂಟದ್ದು. 2021ರ ಎರಡನೇ ಅಲೆಯಲ್ಲಿ ನಮ್ಮ ಓಣಿಯ ಅಜ್ಜಿಯೊಬ್ಬರು ಮಂಚದಿಂದಿಳಿಯುವಾಗ ಬಿದ್ದರು. ಉಳುಕಿರಬೇಕೆಂದು ಎಣ್ಣೆ ತಿಕ್ಕಿದರು. ಆಸ್ಪತ್ರೆಗೆ ಹೋದರೆ ಕೊರೋನಾ ಎಂಬ ಭಯ. ನಾಲ್ಕನೆಯ ದಿನ ನಾನು ನೋಡಲು ಹೋದಾಗ ಒಂದು ಕಾಲು ಇನ್ನೊಂದಕ್ಕಿಂತ ಗಿಡ್ಡವಾಗಿ, ಪಾದ ಹೊರಕ್ಕೆ ತಿರುಗಿ ಮಲಗಿತ್ತು. ಸೊಂಟ ಮುರಿದದ್ದಕ್ಕೆ ಇದಕ್ಕಿಂತ ಸ್ಪಷ್ಟ ಗುರುತಿಲ್ಲ. ಆದರೆ ಅಂದು ನನಗೂ ಅದು ಗೊತ್ತಿರಲಿಲ್ಲ, ಏನೋ ಸರಿಯಿಲ್ಲವೆಂದಷ್ಟೇ ಅನಿಸಿತು. ಆಪರೇಷನ್ ಆಗುವಾಗ ವಾರ ದಾಟಿತ್ತು. ಮಲಗಿದಲ್ಲೇ ಎದೆಯಲ್ಲಿ ಕಫ ಕಟ್ಟಿ, ಬೆನ್ನಿನಲ್ಲಿ ಹುಣ್ಣಾಗಿತ್ತು. ಮೂರು ತಿಂಗಳೊಳಗೆ ತೀರಿಕೊಂಡರು. ಅವರ ಕೊರೋನಾ ಪರೀಕ್ಷೆಯ ಫಲಿತಾಂಶ ನೆಗೆಟಿವ್ ಆಗಿತ್ತು.

ಇಂಗ್ಲೆಂಡಿನಲ್ಲಿ ಸೊಂಟ ಮುರಿದವರಿಗೆ 36 ಗಂಟೆಗಳೊಳಗೆ ಆಪರೇಷನ್ ಆಗಬೇಕೆಂಬ ಮಾನದಂಡವಿದೆ. ಸೋಂಕಿನ ದಿನಗಳಲ್ಲೂ ವೈದ್ಯರು ಇದನ್ನು ತುರ್ತು ಪಟ್ಟಿಯಿಂದ ತೆಗೆಯಲಿಲ್ಲ. ರಸ್ತೆಗಳು ಖಾಲಿಯಾಗಿ ವಾಹನ ಅಪಘಾತಗಳು ಇಳಿದವು, ಆದರೆ ಮನೆಯೊಳಗೆ ಬೀಳುವ ವೃದ್ಧರು ಆಸ್ಪತ್ರೆಗಳಿಗೆ ಬರುತ್ತಲೇ ಇದ್ದರು. ಬಚ್ಚಲಿನ ಪಾಚಿಗೆ, ಜಾರುವ ಚಾಪೆಗೆ, ರಾತ್ರಿಯ ಕತ್ತಲಿಗೆ ಯಾವ ಲಾಕ್‌ಡೌನೂ ಇರಲಿಲ್ಲವಲ್ಲ. ಅದರಲ್ಲೂ ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಟೊಳ್ಳಾಗುತ್ತಾ ಹೋಗುತ್ತದೆ. ಒಂದು ಸಣ್ಣ ಜಾರುವಿಕೆ ಸಾಕು. ನಮ್ಮ ಬಚ್ಚಲಿನಲ್ಲಿ ಈಗ ಗೋಡೆಗೆ ಕಬ್ಬಿಣದ ಹಿಡಿಕೆಯಿದೆ. ಹಾಕಿಸಿದ್ದು ತಮ್ಮ.

ಉಮ್ಮನ ಪ್ಲಾಸ್ಟರ್ ಆರು ವಾರಕ್ಕೆ ತೆಗೆದರು. ವಾರದ ಎಕ್ಸ್‌ರೇಯಲ್ಲೇ ಮೂಳೆ ತುಸು ಜಾರಿರುವುದು ಕಂಡಿತ್ತು, ಹಾಗೆಯೇ ಬಿಡೋಣವೆಂದು ಡಾಕ್ಟರು ಹೇಳಿದ್ದರು. ಮಣಿಕಟ್ಟು ಸ್ವಲ್ಪ ಡೊಂಕಾಗಿಯೇ ಕೂಡಿಕೊಂಡಿತು. 2022ರಲ್ಲಿ, ಆಸ್ಪತ್ರೆಗಳು ಮಾಮೂಲಿಗೆ ಮರಳಿದ ಮೇಲೆ, ಬೇಕಾದರೆ ನೇರ ಮಾಡಬಹುದೆಂದು ಅದೇ ಡಾಕ್ಟರು ಹೇಳಿದರು. ಉಮ್ಮ ಒಪ್ಪಲಿಲ್ಲ. ರೊಟ್ಟಿ ತಟ್ಟುತ್ತಾರೆ, ತಸ್ಬೀಹ್ ಎಣಿಸುತ್ತಾರೆ, ಬಟ್ಟೆ ಹಿಂಡಲು ಮತ್ತು ಬಾಟಲಿಯ ಮುಚ್ಚಳ ತೆಗೆಯಲು ಮಾತ್ರ ಮೊಮ್ಮಗನನ್ನು ಕರೆಯುತ್ತಾರೆ.