ಕಡಲ ಬಂಡೆಯ ಮೇಲಿನ ಮನೆ

ಅಲಂಕಾರವನ್ನು ಕಳೆದುಬಿಟ್ಟರೆ ಉಳಿಯುವುದೇ ಸರಳತೆಯೆಂದು ನಮ್ಮಲ್ಲಿ ಅನೇಕರು ತಿಳಿದಿರುವೆವು. ಈ ಲೆಕ್ಕವು ಎಷ್ಟು ತಪ್ಪೆಂಬುದನ್ನು ಫ್ರಾನ್ಸ್ ದೇಶದ ದಕ್ಷಿಣ ತೀರದ ಒಂದು ಚಿಕ್ಕ ಮನೆಯ ವೃತ್ತಾಂತದಿಂದ ತಿಳಿಯಬಹುದು.

ಮೆಡಿಟರೇನಿಯನ್ ಸಮುದ್ರದ ದಂಡೆಯಲ್ಲಿ ರೋಕ್‌ಬ್ರೂನ್-ಕಾಪ್-ಮಾರ್ತಾನ್ ಎಂಬ ಊರಿದೆ. ಅಲ್ಲಿ ಕಡಲಿಗೆ ಕಡಿದಾಗಿ ಇಳಿಯುವ ಬಂಡೆಯ ಓರೆಯಲ್ಲಿ, 1926ರಿಂದ 1929ರವರೆಗೆ, ಐಲೀನ್ ಗ್ರೇ ಎಂಬಾಕೆಯು ತನ್ನ ಸ್ನೇಹಿತ ಝಾನ್ ಬಾದೊವಿಚಿಗಾಗಿ ಈ ಮನೆಯನ್ನು ಕಟ್ಟಿಸಿದಳು. ಆಕೆ 1878ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದವಳು. ಪೀಠೋಪಕರಣಗಳ ರಚನೆಯಲ್ಲಿ ಹೆಸರಾಗಿದ್ದವಳು. ಐವತ್ತರ ಸಮೀಪದಲ್ಲಿ ಕಟ್ಟಿಸಿದ ಇದೇ ಆಕೆಯ ಮೊದಲ ಮನೆ. ಇದರ ಹೆಸರು ಇ-1027. 'ಇ' ಎಂದರೆ ಐಲೀನ್. ಅಂಕಿಗಳು ಆಂಗ್ಲ ಅಕ್ಷರಮಾಲೆಯಲ್ಲಿ ಉಳಿದ ಮೂರು ಮೊದಲಕ್ಷರಗಳ ಸ್ಥಾನಗಳು.

ನಕ್ಷೆ ಬರೆಯುವುದಕ್ಕೆ ಮೊದಲು ಆಕೆ ಆ ನೆಲದ ಬಿಸಿಲನ್ನೂ ಗಾಳಿಯನ್ನೂ ಅಭ್ಯಾಸ ಮಾಡಿದಳು. ಆದುದರಿಂದಲೇ ಮಲಗುವ ಕೋಣೆಗೆ ಬೆಳಗಿನ ಬಿಸಿಲು ಬರುವುದು. ನಡುಮನೆಯು ದಕ್ಷಿಣಕ್ಕೆ, ಕಡಲಿನ ಕಡೆಗೆ ತೆರೆದಿರುವುದು. ಸರಿದಾಡುವ ಕಿಟಕಿಬಾಗಿಲುಗಳಿಂದ ಬೆಳಕನ್ನು ಬೇಕಾದಷ್ಟೇ ಒಳಗೆ ಬಿಡಬಹುದು. ಕಪಾಟುಗಳು ಗೋಡೆಗಳಲ್ಲಿಯೇ ಅಡಗಿವೆ. ಹಾಸಿಗೆಯ ಪಕ್ಕದ ಮೇಜಿನ ಕಾಲು ಮಂಚದ ಕೆಳಗೆ ಸರಿಯುವುದು. ಅದರ ಎತ್ತರವನ್ನು ಏರಿಸಬಹುದು, ಇಳಿಸಬಹುದು. ಪ್ರತಿಯೊಂದು ವಸ್ತುವಿನ ಹಿಂದೆಯೂ ಒಬ್ಬ ಮನುಷ್ಯನ ದಿನಚರಿಯ ವಿಚಾರವಿದೆ. ಆಗಿನ ಪ್ರಸಿದ್ಧ ವಾಸ್ತುಶಿಲ್ಪಿಯಾದ ಲ ಕಾರ್ಬೂಸಿಯೇ ಮನೆಯನ್ನು ಯಂತ್ರಕ್ಕೆ ಹೋಲಿಸಿದ್ದನು. ಗ್ರೇ ಇದನ್ನು ಒಪ್ಪಲಿಲ್ಲ.

ವಿಧಿಯ ವಿನೋದವೆಂದರೆ, ಮುಂದೆ ಚಂಡೀಗಢದ ಯೋಜನೆಯಿಂದ ನಮಗೆಲ್ಲ ಪರಿಚಿತನಾದ ಆ ಕಾರ್ಬೂಸಿಯೇ, ಆಕೆ ಮನೆಯನ್ನು ಬಿಟ್ಟುಹೋದ ಮೇಲೆ, 1938 ಮತ್ತು 1939ರಲ್ಲಿ ಅದರ ಬಿಳಿಯ ಗೋಡೆಗಳ ಮೇಲೆ ದೊಡ್ಡ ದೊಡ್ಡ ಚಿತ್ರಗಳನ್ನು ಬರೆದನು. ಬಾದೊವಿಚಿಯ ಒಪ್ಪಿಗೆಯಿತ್ತು, ಗ್ರೇಯನ್ನು ಯಾರೂ ಕೇಳಲಿಲ್ಲ. ಆಕೆಗೆ ಇದು ಮನೆಯನ್ನು ಕೆಡಿಸಿದಂತೆಯೇ ತೋರಿತು. ಬರಿಯ ಗೋಡೆಯನ್ನು ಕಂಡು, ಇಲ್ಲಿ ಏನೋ ಕೊರತೆಯಿದೆಯೆಂದು ತಿಳಿಯುವುದು ದೊಡ್ಡವರಿಗೂ ತಪ್ಪದ ಭ್ರಮೆ. ಆ ಗೋಡೆಗಳನ್ನು ಆಕೆ ಕಡಲ ಬೆಳಕಿಗಾಗಿ ಬಿಟ್ಟಿದ್ದಳು.

ಅನಂತರ ಯುದ್ಧಕಾಲದ ಸೈನಿಕರ ಗುಂಡುಗಳು ಅದೇ ಗೋಡೆಗಳಿಗೆ ತಗಲಿದವು. ಕಡಲ ಉಪ್ಪುಗಾಳಿಯೂ ಸುಮ್ಮನಿರಲಿಲ್ಲ. ಕಾಂಕ್ರೀಟಿನೊಳಕ್ಕೆ ಉಪ್ಪು ಇಳಿದರೆ ಒಳಗಿನ ಕಬ್ಬಿಣವು ತುಕ್ಕು ಹಿಡಿಯುವುದು. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನು ಬೇಡುವುದರಿಂದ ಕಾಂಕ್ರೀಟು ಸೀಳುವುದು. ಮುಚ್ಚಲು ಅಲಂಕಾರವಿಲ್ಲದ ಮನೆಯಲ್ಲಿ ಇಂತಹ ಬಿರುಕೊಂದೂ ಮರೆಯಾಗದು. ಬಹುಕಾಲ ಪಾಳುಬಿದ್ದಿದ್ದ ಮನೆಯನ್ನು 2000ದಲ್ಲಿ ಫ್ರಾನ್ಸಿನ ಸರ್ಕಾರವು ಐತಿಹಾಸಿಕ ಸ್ಮಾರಕವೆಂದು ಅಂಗೀಕರಿಸಿತು. ಜೀರ್ಣೋದ್ಧಾರವಾಗಿ ಅದು 2015ರಲ್ಲಿ ಪ್ರೇಕ್ಷಕರಿಗೆ ತೆರೆಯಿತು. 1976ರಲ್ಲಿ ತೀರಿಕೊಂಡ ಗ್ರೇ ಇದನ್ನು ಕಾಣಲಿಲ್ಲ.

ನಮ್ಮಲ್ಲಿ ಮನೆ ಕಟ್ಟಿಸಲು ಹೊರಟವರು ಮೊದಲು ನೋಡುವುದು ಮುಂಭಾಗದ ಅಂದವನ್ನು. ನಕ್ಷೆಯ ಕಾಗದವನ್ನು ಬಿಡಿಸುವುದಕ್ಕೆ ಮೊದಲು ಆ ನೆಲದಲ್ಲಿ ಬೆಳಗಿನಿಂದ ಸಂಜೆಯವರೆಗೆ ಒಂದು ದಿನ ಕುಳಿತು ಬಂದರೆ, ಗೋಡೆಯೆಲ್ಲಿರಬೇಕು, ಕಿಟಕಿಯೆಲ್ಲಿರಬೇಕು ಎಂಬುದನ್ನು ಸೂರ್ಯನೇ ಅರ್ಧ ಹೇಳಿಕೊಟ್ಟಾನು. ಉಳಿದರ್ಧವನ್ನು ಆ ಮನೆಯಲ್ಲಿ ಬಾಳಬೇಕಾದವರನ್ನು ಕೇಳಿ ತಿಳಿಯಬೇಕು.