ಮುಳ್ಳಿಗೆ ತಕ್ಕ ತೋಳು

ಹಳೆಯ ರೆಕಾರ್ಡ್ ಪ್ಲೇಯರ್ ಕೈಗೆ ಬಂದವರು ಸಾಮಾನ್ಯವಾಗಿ ಕೇಳುವುದು, ಇದಕ್ಕೆ ಯಾವ ಟೋನ್‌ಆರ್ಮ್ ಹಾಕಿಸಲಿ ಎಂದು. ಅದನ್ನು ಕೊನೆಗೆ ಕೇಳಿದರೆ ಸಾಕು. ಮೊದಲು ಕಪಾಟಿನಲ್ಲಿರುವ ಪ್ಲೇಟುಗಳನ್ನು ನೋಡಬೇಕು, ಆಮೇಲೆ ಮುಳ್ಳನ್ನು. ಇವೆರಡೂ ಗೊತ್ತಾದ ಮೇಲೆ ತೋಳಿನ ಆಯ್ಕೆ ಮುಕ್ಕಾಲು ಮುಗಿದಂತೆಯೇ.

ಶಿಕಾರಿಪುರ, ಸೊರಬದ ಕಡೆಯವರಿಗೆ ಈ ಮಾತು ಸುಲಭವಾಗಿ ತಿಳಿಯುತ್ತದೆ. ಅಕ್ಕಮಹಾದೇವಿಯ ಉಡುತಡಿ, ಅಲ್ಲಮನ ಬಳ್ಳಿಗಾವಿ ಎರಡೂ ಶಿಕಾರಿಪುರ ತಾಲ್ಲೂಕಿನಲ್ಲೇ ಇವೆ. ಇವರಂಥವರ ವಚನಗಳನ್ನು ಮನೆಮನೆಗೆ ಮುಟ್ಟಿಸಿದ ಗಾಯಕ ಮಲ್ಲಿಕಾರ್ಜುನ ಮನ್ಸೂರರ ದನಿ 1930ರ ದಶಕದಲ್ಲೇ ಎಚ್‌ಎಂವಿಯ 78ರ ಪ್ಲೇಟುಗಳಿಗೆ ಇಳಿದಿತ್ತು. ಮುಂದೆ ಎಲ್‌ಪಿಗಳಲ್ಲೂ ಬಂತು. ಹಾಡುಗಾರರು ಒಬ್ಬರೇ ಆದರೂ ಈ ಎರಡು ಪ್ಲೇಟುಗಳ ಗೆರೆ ಬೇರೆ ಬೇರೆ. ಅರಗಿನ 78ಕ್ಕೆ ಸುಮಾರು 70 ಮೈಕ್ರಾನಿನ ದಪ್ಪ ಮುಳ್ಳು ಬೇಕು. 1948ರಲ್ಲಿ ಬಂದ ಎಲ್‌ಪಿಯ ಸಣ್ಣ ಗೆರೆಗೆ 18 ಮೈಕ್ರಾನಿನದು ಸಾಕು. ಎಲ್‌ಪಿಯ ಮುಳ್ಳನ್ನು 78ರ ಗೆರೆಗೆ ಇಳಿಸಿದರೆ ಅದು ತಳದಲ್ಲಿ ಕೂತು ಕಸವನ್ನೆಲ್ಲ ಹಾಡಿಸುತ್ತದೆ.

ಕೀಲಿ ಕೊಡುವ ಗ್ರಾಮಫೋನಿನವರು ತೋಳು ಹುಡುಕುವ ಗೋಜಿಗೇ ಹೋಗಬೇಕಾಗಿಲ್ಲ. ಅದರ ತೋಳು ಟೊಳ್ಳು ಕೊಳವೆ. ಸದ್ದು ಅದರೊಳಗಿಂದಲೇ ಕಹಳೆಗೆ ಹೋಗುತ್ತದೆ. ತುದಿಯ ಸೌಂಡ್‌ಬಾಕ್ಸ್ 100 ಗ್ರಾಂಗೂ ಹೆಚ್ಚು ಭಾರವನ್ನು ಗೆರೆಯ ಮೇಲೆ ಹೇರುತ್ತದೆ. ಪ್ರತಿ ಮಗ್ಗುಲಿಗೆ ಉಕ್ಕಿನ ಮುಳ್ಳು ಬದಲಿಸಿ, ಎಲ್‌ಪಿಯನ್ನು ಅದರ ಹತ್ತಿರವೂ ಸುಳಿಯಗೊಡದಿದ್ದರೆ ಆಯಿತು.

ಹೆಚ್ಚು ಕೈಗೆ ಸಿಗುವುದು ಎಚ್‌ಎಂವಿ ಫಿಯೆಸ್ಟಾದಂಥ ಸೂಟ್‌ಕೇಸ್ ಪ್ಲೇಯರುಗಳು, ಮದುವೆ ಮನೆಗಳಲ್ಲಿ ಮೈಕ್‌ಸೆಟ್‌ನವರು ದುಡಿಸಿ ಬಿಟ್ಟ ಡೆಕ್ಕುಗಳು. ಇವುಗಳಲ್ಲಿ ಸಾಮಾನ್ಯವಾಗಿ ಇರುವುದು ಸೆರಾಮಿಕ್ ಕಾರ್ಟ್ರಿಡ್ಜ್. ಸಣ್ಣದೊಂದು ಕಡ್ಡಿ ತಿರುಗಿಸಿದರೆ ಒಂದು ಮಗ್ಗುಲಿಗೆ 78ರ ಮುಳ್ಳು, ಇನ್ನೊಂದಕ್ಕೆ ಎಲ್‌ಪಿಯದು. ಹಾಡು ಹಾರತೊಡಗಿದರೆ ತೋಳಿನ ತಲೆಯ ಮೇಲೆ ನಾಲ್ಕಾಣೆ ಇಡುವ ರೂಢಿಯೂ ಇತ್ತು. ಎಪ್ಪತ್ತು-ಎಂಬತ್ತರ ದಶಕದ ತಾಮ್ರ-ನಿಕಲ್ಲಿನ 25 ಪೈಸೆಯ ತೂಕ 2.5 ಗ್ರಾಂ. ನಾಲ್ಕೈದು ಗ್ರಾಂ ಹೊರಬೇಕಾದ ಮುಳ್ಳಿನ ಮೇಲೆ ಅದರರ್ಧದಷ್ಟು ಹೆಚ್ಚುವರಿ ಹೇರಿದ ಹಾಗಾಯಿತು. ಅಷ್ಟು ಮಾಡಿಯೂ ಹಾರುವುದಕ್ಕೆ ಕಾರಣ ಬಹಳ ಸಲ ಬೇರೆಯೇ: ತೋಳಿನ ಬುಡದಲ್ಲಿ ಗ್ರೀಸ್ ಒಣಗಿ ಮೇಣದಂತಾಗಿರುತ್ತದೆ, ಇಲ್ಲವೇ ಮಳೆಗಾಲದ ತೇವಕ್ಕೆ ಬೇರಿಂಗಿನಲ್ಲಿ ತುಕ್ಕು ಹಿಡಿದಿರುತ್ತದೆ.

ಇಂಥ ಪ್ಲೇಯರಿನ ತೋಳು ಬದಲಿಸಬೇಡಿ ಎಂದೇ ನನ್ನ ಸಲಹೆ. ಸೆರಾಮಿಕ್ ಕಾರ್ಟ್ರಿಡ್ಜ್ ನೂರಾರು ಮಿಲಿವೋಲ್ಟ್ ಕೊಡುತ್ತದೆ, ಮ್ಯಾಗ್ನೆಟಿಕ್ ಕೊಡುವುದು ಐದರ ಆಸುಪಾಸು. ತೋಳಿನ ಜೊತೆ ಕಾರ್ಟ್ರಿಡ್ಜ್ ಬದಲಿಸಿದರೆ ಫೋನೋ ಪ್ರೀಆಂಪ್ ಬೇಕು, ಆಮೇಲೆ ಮೋಟಾರಿನ ಗುರುಗುಟ್ಟುವಿಕೆ ಕೇಳತೊಡಗುತ್ತದೆ, ಕಡೆಗೆ ಹಳೆಯದೆಂದು ಉಳಿಯುವುದು ಪೆಟ್ಟಿಗೆ ಮಾತ್ರ. ಹಳೆ ಗ್ರೀಸ್ ತೆಗೆಸಿ, ಹೊಸ ಮುಳ್ಳು ಹಾಕಿಸಿ. ಅಷ್ಟಕ್ಕೇ ಅದು ಚೆನ್ನಾಗಿ ಹಾಡುತ್ತದೆ.

ತೋಳು ಆರಿಸುವ ಕೆಲಸ ನಿಜವಾಗಿ ಬೀಳುವುದು ಗಟ್ಟಿ ಡೆಕ್ಕುಗಳಿಗೆ. 1954ರ ಗ್ಯಾರಾರ್ಡ್ 301, 1957ರ ಥಾರೆನ್ಸ್ ಟಿಡಿ 124, 1965ರ ಗ್ಯಾರಾರ್ಡ್ 401 ಇವೆಲ್ಲ ತೋಳಿಲ್ಲದೆಯೇ ಮಾರಾಟವಾಗುತ್ತಿದ್ದವು. ಕೊಂಡವರು ತಮಗೆ ಬೇಕಾದದ್ದನ್ನು ಕೂಡಿಸಿಕೊಳ್ಳುತ್ತಿದ್ದರು.

ಇಲ್ಲಿ ಒಂದು ಲೆಕ್ಕ ಇದೆ. ತೋಳು ಮತ್ತು ಕಾರ್ಟ್ರಿಡ್ಜ್ ಸೇರಿ ಒಂದು ತೂಕ. ಮುಳ್ಳಿನ ಕಡ್ಡಿ ಬಳುಕುವ ಗುಣ, ಅಂದರೆ ಕಂಪ್ಲಯನ್ಸ್, ಒಂದು ಸ್ಪ್ರಿಂಗು. ತೂಕ ಮತ್ತು ಸ್ಪ್ರಿಂಗು ಕೂಡಿದರೆ ಯಾವುದೋ ಒಂದು ವೇಗದಲ್ಲಿ ತಾನಾಗಿಯೇ ತೂಗಾಡಲೇಬೇಕು. ತುಸು ಡೊಂಕಾದ ಎಲ್‌ಪಿ ತೋಳನ್ನು ಎತ್ತಿ ಇಳಿಸುವುದು ಸೆಕೆಂಡಿಗೆ ಐದಾರು ಸಲದೊಳಗೆ. ಸಂಗೀತ ಶುರುವಾಗುವುದು ಇಪ್ಪತ್ತರಿಂದ. ಈ ತೂಗಾಟ ಎರಡರ ನಡುವೆ, 8ರಿಂದ 12 ಹರ್ಟ್ಸ್‌ನಲ್ಲಿ ಬಿದ್ದರೆ ಯಾರಿಗೂ ತೊಂದರೆಯಿಲ್ಲ. ತೋಳಿನ ಎಫೆಕ್ಟಿವ್ ಮಾಸ್ (ಮುಳ್ಳಿನ ಬಳಿ ಲೆಕ್ಕಕ್ಕೆ ಬರುವ ತೂಕ) 12 ಗ್ರಾಂ, ಕಾರ್ಟ್ರಿಡ್ಜ್ ಮತ್ತು ಸ್ಕ್ರೂ 6 ಗ್ರಾಂ, ಬಳುಕು 14 ಎಂದುಕೊಳ್ಳಿ. 18ನ್ನು 14ರಿಂದ ಗುಣಿಸಿ, ವರ್ಗಮೂಲ ತೆಗೆದು, ಅದರಿಂದ 159ನ್ನು ಭಾಗಿಸಿದರೆ ಸರಿಯಾಗಿ 10. ಅದೇ ತೋಳಿಗೆ ಬಳುಕು 35ರ ಮೆದು ಕಾರ್ಟ್ರಿಡ್ಜ್ ಹಾಕಿದರೆ 6.3ಕ್ಕೆ ಇಳಿಯುತ್ತದೆ, ಡೊಂಕು ಪ್ಲೇಟಿನ ಮೇಲೆ ಸ್ಪೀಕರಿನ ಕೋನು ಹೊಟ್ಟೆಯುಬ್ಬಿಸುತ್ತಾ ನಿಂತಿರುತ್ತದೆ. ಹಾಗಾಗಿ ಶೂರ್ ವಿ15ರಂಥ ಮೆದು ಮುಳ್ಳಿಗೆ ಎಸ್‌ಎಂಇ 3009ರಂಥ ಹಗುರ ತೋಳು, ಡೆನಾನ್ ಡಿಎಲ್-103ರಂಥ ಬಿಗಿ ಮುಳ್ಳಿಗೆ ಭಾರದ ತೋಳು. ಜಪಾನಿನ ಹಲವು ಕಂಪನಿಗಳು ಬಳುಕನ್ನು 100 ಹರ್ಟ್ಸ್‌ನಲ್ಲಿ ಅಳೆದು ಬರೆಯುತ್ತವೆ. ನಮ್ಮ ಲೆಕ್ಕಕ್ಕೆ ಅದನ್ನು ಸುಮಾರು ಒಂದೂವರೆಯಿಂದ ಎರಡು ಪಟ್ಟು ಮಾಡಿಕೊಳ್ಳಬೇಕು.

ಉದ್ದದ ವಿಚಾರ ಇಷ್ಟೊಂದು ತಲೆ ತಿನ್ನುವುದಿಲ್ಲ. ಪ್ಲೇಟು ಕೊರೆಯುವ ಯಂತ್ರ ಅಂಚಿನಿಂದ ನಡುವಿಗೆ ನೇರ ಬರುತ್ತದೆ. ನಮ್ಮ ತೋಳು ಬುಡದಿಂದ ಬಾಗಿ ಕಮಾನಿನಂತೆ ಬರುತ್ತದೆ. ತಲೆಯನ್ನು ಇಪ್ಪತ್ತಮೂರು ಡಿಗ್ರಿಯಷ್ಟು ಓರೆ ಮಾಡಿ, ಮುಳ್ಳನ್ನು ನಡುಗೂಟದಿಂದ ಸ್ವಲ್ಪ ಆಚೆ ದಾಟಿಸಿದರೆ 9 ಇಂಚಿನ ತೋಳಿನಲ್ಲೂ ತಪ್ಪು ಎರಡು ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲುತ್ತದೆ. 12 ಇಂಚಿನದು ಇನ್ನೂ ಕಡಿಮೆ ತಪ್ಪುತ್ತದೆ, ನಿಜ. ಆದರೆ ಅದರ ತೂಕ ಹೆಚ್ಚು, ಜಾಗ ಹೆಚ್ಚು, ಬೆಲೆಯಂತೂ ಕೇಳಬಾರದು. ನಡುವಿನ ಕೊನೆಯ ಹಾಡು ಒಡೆದು ಕೇಳುತ್ತಿದ್ದರೆ ತೋಳು ಉದ್ದ ಮಾಡುವ ಮೊದಲು ಕಾರ್ಟ್ರಿಡ್ಜ್ ಸರಿಯಾಗಿ ಕೂತಿದೆಯೇ ನೋಡಿ. ಅಂಚಿನಲ್ಲಿ ಸೆಕೆಂಡಿಗೆ 51 ಸೆಂಟಿಮೀಟರ್ ಓಡುವ ಗೆರೆ ಒಳಗೆ ಬರುವಾಗ 21ಕ್ಕೆ ಇಳಿದಿರುತ್ತದೆ. ಸಣ್ಣ ತಪ್ಪೂ ಅಲ್ಲಿ ದೊಡ್ಡದಾಗಿ ಕೇಳುತ್ತದೆ.

ಮನೆಯಲ್ಲಿ 78 ಮತ್ತು ಎಲ್‌ಪಿ ಎರಡೂ ಇದ್ದರೆ, ಡೆಕ್ಕಿಗೆ 78ರ ವೇಗವೂ ಇದ್ದರೆ, ನಾನು ಕಣ್ಣುಮುಚ್ಚಿ ಹೇಳುವುದು ತಲೆ ಬಿಚ್ಚಿ ಹಾಕಬಹುದಾದ ತೋಳು. ಒಂದು ಹೆಡ್‌ಶೆಲ್ಲಿಗೆ ದಪ್ಪ ಮುಳ್ಳು, ಇನ್ನೊಂದಕ್ಕೆ ಸಣ್ಣದು. ಕಾಲರ್ ತಿರುಗಿಸಿ ಬದಲಿಸುವುದು ಅರೆನಿಮಿಷದ ಕೆಲಸ. 1983ರಲ್ಲಿ ಬಂದ ರೇಗಾ ಆರ್‌ಬಿ300 ಬಹಳ ಒಳ್ಳೆಯ ತೋಳೇ, ಆದರೆ ಅದರ ತಲೆ ಬಿಚ್ಚುವಂಥದ್ದಲ್ಲ. ಬರೀ ಎಲ್‌ಪಿ ಕೇಳುವವರಿಗೆ ಅದು ಒಪ್ಪುತ್ತದೆ.

ಹೊಸ ತೋಳಿಗೆ ಹೊಸ ಹಲಗೆ ಬೇಕು, ಆರ್ಮ್‌ಬೋರ್ಡ್. ಆರ್‌ಬಿ300 ಆದರೆ ನಡುಗೂಟದಿಂದ ತೋಳಿನ ಬುಡಕ್ಕೆ 222 ಮಿಲಿಮೀಟರ್, ಅದರಲ್ಲಿ ಒಂದು ಮಿಲಿಮೀಟರ್ ತಪ್ಪಿದರೂ ಮೇಲಿನ ಲೆಕ್ಕವೆಲ್ಲ ಹಾಳು. ಗಂಧದ ಕೆತ್ತನೆಗೆ ಹೆಸರಾದ ಗುಡಿಗಾರರ ಸೊರಬದಲ್ಲಿ ಇದಕ್ಕೆ ಬೇಕಾದ ನವುರಾದ ಕೈ ಸಿಗದೆ ಹೋಗುವುದಿಲ್ಲ. ಗಂಧ ಮಾತ್ರ ಬೇಡ, ಅದು ದೇವರಿಗೂ ಹಾರಕ್ಕೂ ಇರಲಿ. ಚೆನ್ನಾಗಿ ಒಣಗಿದ ಸಾಗುವಾನಿ ಅಥವಾ ಹೊನ್ನೆ ಸಾಕು. ಹಸಿ ಹಲಗೆ ಹಾಕಿದರೆ ಒಂದು ಆಷಾಢದಲ್ಲಿ ಬಾಗಿ ತೋಳನ್ನೂ ಬಾಗಿಸುತ್ತದೆ.

ಹಳೆಯ ತೋಳು ಕೊಳ್ಳುವಾಗ ಹೊಳಪು ನೋಡಬೇಡಿ. ಹಿಂದಿನ ತೂಕ ಸರಿಸಿ ತೋಳು ಗಾಳಿಯಲ್ಲಿ ಸಮನಾಗಿ ತೇಲುವಂತೆ ಮಾಡಿ, ಮೆಲ್ಲಗೆ ಊದಿ. ಎಲ್ಲೂ ತಡವರಿಸದೆ ಹೋಗಬೇಕು. ಆಮೇಲೆ ತಲೆಯನ್ನು ಎರಡು ಬೆರಳಲ್ಲಿ ಹಿಡಿದು ಹಿಂದೆ ಮುಂದೆ ಮಾಡಿ. ಬೇರಿಂಗಿನಲ್ಲಿ ಕಿಟಕಿಟ ಎಂದರೆ ವಾಪಸು ಕೊಟ್ಟುಬಿಡಿ. ಎಸ್‌ಎಂಇಯ ಕತ್ತಿಯಲಗಿನ ಬೇರಿಂಗಿಗೆ, ಒಂಟಿ ಮೊನೆಯ ಮೇಲೆ ನಿಲ್ಲುವ ತೋಳುಗಳಿಗೆ ಈ ಎರಡನೆಯ ಪರೀಕ್ಷೆ ಸಲ್ಲದು. ಒಳಗಿನ ತಂತಿ ನಾಲ್ಕು: ಬಿಳಿ ಮತ್ತು ನೀಲಿ ಎಡಕ್ಕೆ, ಕೆಂಪು ಮತ್ತು ಹಸಿರು ಬಲಕ್ಕೆ. ಕಾರ್ಟ್ರಿಡ್ಜ್ ಬಿಚ್ಚಿಟ್ಟು ಮಲ್ಟಿಮೀಟರ್ ಹಿಡಿದರೆ ಯಾವುದು ಹರಿದಿದೆ ಎಂದು ಗೊತ್ತಾಗುತ್ತದೆ.

ಮುಳ್ಳಿನ ಭಾರಕ್ಕೆ ತೋಳಿನ ಮೇಲೆ ಅಚ್ಚಾದ ಅಂಕಿಯನ್ನೇ ನಂಬಿ ಕೂರಬೇಡಿ. ಅಕ್ಕಸಾಲಿಗರು ಚಿನ್ನ ತೂಗುವಂಥ ಸಣ್ಣ ಡಿಜಿಟಲ್ ತಕ್ಕಡಿ ಸಾಕು. ಅದರ ತಟ್ಟೆ ಪ್ಲೇಟಿನ ಮಟ್ಟದಲ್ಲೇ ಇರಬೇಕು. ಮೇಲೆ ಕೂತರೆ ಹಲವು ತೋಳುಗಳಲ್ಲಿ ಭಾರ ಬೇರೆ ತೋರಿಸುತ್ತದೆ. ಎಲ್‌ಪಿಯ ಮ್ಯಾಗ್ನೆಟಿಕ್ ಮುಳ್ಳಿಗೆ ಒಂದೂವರೆಯಿಂದ ಎರಡೂವರೆ ಗ್ರಾಂ ಸಾಮಾನ್ಯ, 78ರದಕ್ಕೆ ಇನ್ನೂ ತುಸು ಹೆಚ್ಚು. ಹೆಡ್‌ಶೆಲ್ ಬದಲಿಸಿದಾಗೆಲ್ಲ ಮತ್ತೆ ತೂಗಬೇಕಾಗುತ್ತದೆ, ಎರಡರ ತೂಕ ಒಂದೇ ಇರುವುದು ಅಪರೂಪ.