ಎತ್ತುವ ಮೈ, ತೋರುವ ಮೈ

ಕರಜಗಿ, ಅಕ್ಕಲಕೋಟ ಸೀಮೆಯ ಹಳೇ ಪೈಲವಾನರ ಫೋಟೊ ಕಂಡರೆ ಜಿಮ್‌ಗೆ ಹೋಗುವ ಇಂದಿನ ಹುಡುಗರಿಗೆ ಕೊಂಚ ನಿರಾಸೆಯಾದೀತು. ಹೊಟ್ಟೆಯ ಮೇಲೆ ಗೆರೆಗಳಿಲ್ಲ, ಹೊಟ್ಟೆಯೇ ಇದೆ. ಸೊಂಟ ಎದೆಯಷ್ಟೇ ಅಗಲ, ಕುತ್ತಿಗೆ ಗಿಡ್ಡ, ತೊಡೆಗಳು ಒಂದಕ್ಕೊಂದು ತಾಗುವಷ್ಟು ದಪ್ಪ. ದಂಡ, ಬೈಠಕ್, ಹಾಲು, ತುಪ್ಪ, ಜೋಳದ ರೊಟ್ಟಿ ಸೇರಿ ಕಟ್ಟಿದ ಮೈ ಅದು. ಭಾರ ಎತ್ತಲಿಕ್ಕೆಂದೇ ಕಟ್ಟಿದ್ದು.

ಕರ್ನಾಟಕ-ಮಹಾರಾಷ್ಟ್ರ ಗಡಿಯ ಈಚೆ ಆಚೆ ಎರಡೂ ಕಡೆ ಜಾತ್ರೆ ಎಂದರೆ ಕುಸ್ತಿಯ ಜೊತೆ ಭಾರ ಎತ್ತುವ ಪಂದ್ಯವೂ ಇರಬೇಕು. ಗುಂಡುಕಲ್ಲು, ಸಂಗ್ರಾಣಿ ಕಲ್ಲು, ಉಸುಕಿನ ಚೀಲ. ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಇವು ಇಂದಿಗೂ ನಡೆಯುತ್ತವೆ. ಗುಂಡುಕಲ್ಲಿಗೆ ಹಿಡಿಕೆ ಇರುವುದಿಲ್ಲ, ಕಷ್ಟವೆಲ್ಲ ಅಲ್ಲೇ. ಆಳು ಕಾಲಗಲಿಸಿ ಕೂತು, ಅಂಗೈಗೆ ಮಣ್ಣು ತಿಕ್ಕಿಕೊಂಡು, ಕಲ್ಲನ್ನು ಉರುಳಿಸಿ ತೊಡೆಗೆ ತಂದುಕೊಳ್ಳುತ್ತಾನೆ. ಅಲ್ಲಿ ಒಂದು ಉಸಿರು. ಆಮೇಲೆ ತೆಕ್ಕೆ ಬಡಿದು, ಹೊಟ್ಟೆಗೆ ಒತ್ತಿಕೊಂಡು, ಸೊಂಟದ ಒಂದೇ ಜಗ್ಗಿಗೆ ಎದೆಗೆ, ಎದೆಯಿಂದ ಹೆಗಲಿಗೆ. ಹೆಗಲ ಮೇಲಿಂದ ಹಿಂದಕ್ಕೆ ಕೆಡವಿದಾಗ ನೆಲ ಧಡ್ ಎನ್ನುತ್ತದೆ, ಹಲಗಿ ಬಾರಿಸುವವರ ಕೈ ಚುರುಕಾಗುತ್ತದೆ. ತೋಳಿನ ಗುಡ್ಡೆಗೆ ಇಲ್ಲಿ ಅಂಥ ಕೆಲಸವಿಲ್ಲ. ಹೊಟ್ಟೆ, ಬೆನ್ನು, ತೊಡೆ ದುಡಿಯಬೇಕು.

ಈ ಕಸುವು ಬರೀ ಜಾತ್ರೆಗೆ ಮೀಸಲಾಗಿರಲಿಲ್ಲ. ಜೋಳದ ಕ್ವಿಂಟಲ್ ಚೀಲ ಎಂದರೆ 100 ಕಿಲೊ. ಅದನ್ನು ಬೆನ್ನ ಮೇಲೆ ಹೊತ್ತು ಅಡತಿ ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದ ಹಮಾಲರಿಗೆ, ಪಂದ್ಯ ಗೆದ್ದವರಿಗೆ ತೊಡಿಸುವಂತೆ, ಯಾರೂ ಬೆಳ್ಳಿ ಕಡಗ ತೊಡಿಸಲಿಲ್ಲ.

ತೂಕದ ಮಾತು ಬಂದರೆ ಮಾತ್ರ ಸ್ವಲ್ಪ ಹುಷಾರಾಗಿರಬೇಕು. ಕಟ್ಟೆಯ ಮೇಲೆ ಹೇಳುವ ಕಥೆಯಲ್ಲಿ ಕಲ್ಲು ವರ್ಷಕ್ಕಿಷ್ಟು ಬೆಳೆಯುತ್ತದೆ. ದೊಡ್ಡವರ ಕಥೆಯೂ ಹಾಗೇ. 1902ರಲ್ಲಿ ಗಾಮಾ ಪೈಲವಾನ್ ಎತ್ತಿದ ಎನ್ನುವ ಕಲ್ಲು ಬರೋಡಾದ ಮ್ಯೂಸಿಯಂನಲ್ಲಿದೆ. ತೂಕ 1200 ಕಿಲೊ ಅನ್ನುತ್ತಾರೆ. ಆದರೆ ಸ್ಕಾಟ್ಲೆಂಡಿನ ಬಲಶಾಲಿ ಟಾಮ್ ಸ್ಟೋಲ್ಟ್‌ಮನ್ 2020ರಲ್ಲಿ 286 ಕಿಲೊದ ಗುಂಡು ಎತ್ತಿದ್ದೇ ಜಗತ್ತಿಗೆ ದಾಖಲೆಯಾಯಿತು. ಗಾಮಾ ಆ ಕಲ್ಲನ್ನು ಅಲುಗಿಸಿರಬಹುದು, ಓರೆ ಮಾಡಿರಬಹುದು. 1910ರಲ್ಲಿ ಲಂಡನ್ನಿಗೆ ಹೋಗಿ ಕುಸ್ತಿಪಟು ಜ್ಬಿಸ್ಕೊನನ್ನು ಗಂಟೆಗಟ್ಟಲೆ ಕೆಳಗೆ ಒತ್ತಿ ಹಿಡಿದವನಿಗೆ ಸುಳ್ಳು ತೂಕದ ಹಂಗೇಕೆ?

ಮೈಯನ್ನು ನೋಡಲಿಕ್ಕೆಂದು ಕಟ್ಟುವ ಹುಚ್ಚು ಹತ್ತಿದ್ದು ದೇಹದಾರ್ಢ್ಯ ಪಟು ಯುಜೀನ್ ಸ್ಯಾಂಡೋ ಕಾಲದಲ್ಲಿ. 1904-05ರಲ್ಲಿ ಅವನು ಹಿಂದೂಸ್ತಾನ ಸುತ್ತಿದ. ಕನ್ನಡ ನಾಡಿನಲ್ಲಿ ಆ ವಿದ್ಯೆಗೆ ಹೆಸರು ತಂದವರು ಬೆಂಗಳೂರಿನ ಕೆ.ವಿ. ಅಯ್ಯರ್. ಹರ್ಕ್ಯುಲಿಸ್ ಜಿಮ್ನೇಷಿಯಂ ನಡೆಸಿದರು, ಅಂಚೆಯ ಮೂಲಕ ಪಾಠ ಹೇಳಿದರು, ಭಾರ ಎತ್ತುವುದರ ಜೊತೆಗೆ ಸೂರ್ಯನಮಸ್ಕಾರವನ್ನೂ ಬೆಸೆದರು. ಅವರ ಫೋಟೊಗಳಲ್ಲಿ ಒಂದೊಂದು ಸ್ನಾಯುವೂ ಎಣಿಸುವಂತೆ ಕಾಣುತ್ತದೆ. ಅವರೇ ಹೊಯ್ಸಳರ ಕಥೆಯ ‘ಶಾಂತಲಾ’, ಮೈಕೆಲೆಂಜೆಲೊ ಕಥೆಯ ‘ರೂಪದರ್ಶಿ’ ಕಾದಂಬರಿಗಳನ್ನೂ ಬರೆದರು. ಮೈಯನ್ನು ಶಿಲ್ಪಿಯ ಕಣ್ಣಿಂದ ನೋಡುವವರನ್ನು ಹೊಯ್ಸಳರೂ ಮೈಕೆಲೆಂಜೆಲೊನೂ ಕೈಬೀಸಿ ಕರೆದದ್ದರಲ್ಲಿ ಆಶ್ಚರ್ಯವಿಲ್ಲ. ನನಗೆ ಅಯ್ಯರ್ ಬಗ್ಗೆ ಗೌರವ. ಮನಸ್ಸು ವಾಲುವುದು ಮಾತ್ರ ಗುಂಡುಕಲ್ಲಿನ ಕಡೆಗೆ.

ಎತ್ತುವ ಮೈಗೂ ತೋರುವ ಮೈಗೂ ಸವಾಲಾಗುವ ಒಂದು ಭಾರ ಸೊಲ್ಲಾಪುರದಲ್ಲಿದೆ. ಸಂಕ್ರಾಂತಿಗೆ ಸಿದ್ಧರಾಮೇಶ್ವರನ ಜಾತ್ರೆಯಲ್ಲಿ ಏಳು ನಂದಿಧ್ವಜಗಳು 68 ಲಿಂಗಗಳ ದರ್ಶನಕ್ಕೆ ಹೊರಡುತ್ತವೆ. ನಂದಿಧ್ವಜ ಎಂದರೆ ಆಳೆತ್ತರವನ್ನು ಎಷ್ಟೋ ಪಟ್ಟು ಮೀರಿದ ಕೋಲು. ಅದನ್ನು ನೆಟ್ಟಗೆ ಹಿಡಿದೇ ನಡೆಯಬೇಕು. ತುದಿ ಗಾಳಿಗೆ ಒಂದಿಷ್ಟು ವಾಲಿದರೂ ಬುಡದಲ್ಲಿರುವವನ ಸೊಂಟ ಕೂಡಲೇ ಲೆಕ್ಕ ಕೊಡಬೇಕು. ಜಗ್ಗಿ ಎತ್ತಿ ಕೆಡವುವ ಒಂದು ಗಳಿಗೆಯ ಬಲ ಇಲ್ಲಿ ಸಾಲದು. ಅದಕ್ಕೇ ಹೊರುವವರು ಹಬ್ಬಕ್ಕೆ ಬಹಳ ಮೊದಲೇ ತಾಲೀಮಿಗೆ ಇಳಿಯುತ್ತಾರೆ, ಹೊಸಬರು ಹಳಬರ ಕಾಲು ನೋಡಿಕೊಂಡು ಹೆಜ್ಜೆ ಕಲಿಯುತ್ತಾರೆ.